ಚಿನ್ನದ ಸೂಜಿ, ಬಾಯಿಯ ಉಷ್ಣ

ಪ್ಲಗ್ ಕೈಯಿಂದ ಜಾರಿದ್ದು ಆ ದಿನ ಅದು ಮೂರನೆಯ ಸಲ. ಮೊದಲೆರಡು ಸಲ ಯಾರಿಗೂ ಗೊತ್ತಾಗದ ಹಾಗೆ ಎತ್ತಿ ಚುಚ್ಚಿದ್ದೆ. ಮೂರನೆಯ ಸಲ ಮಾತ್ರ ಕೈ ಪಕ್ಕದ ಪ್ಲಗ್ಗಿಗೆ ತಾಗಿ ಅದೂ ಕಿತ್ತುಬಂತು. ನರಸಿಂಹರಾಜಪುರದಿಂದ ಯಾರೋ ತಮ್ಮ ಅಣ್ಣ ತೀರಿಹೋದ ಸುದ್ದಿ ಹೇಳುತ್ತಿದ್ದ ಲೈನು ಅದು. ಈ ತುದಿಯಲ್ಲಿ ಹೆಂಗಸೊಬ್ಬರು "ಹಲೋ, ಹಲೋ, ಹೆಣ ಯಾವಾಗ ತೆಗೀತಾರೆ? ನಾವು ಹೊರಡ್ಬೇಕಾ?" ಎಂದು ಕೂಗುತ್ತಲೇ ಇದ್ದರು. ಮತ್ತೆ ಜೋಡಿಸಲು ನನಗೆ ಐದು ನಿಮಿಷ ಹಿಡಿಯಿತು. ತೋರುಬೆರಳು ಹೆಬ್ಬೆರಳು ಎರಡೂ ಊದಿಕೊಂಡು ಒಂದನ್ನೊಂದು ಮುಟ್ಟಲು ಒಲ್ಲೆ ಎನ್ನುತ್ತಿದ್ದವು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಕೊಪ್ಪದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಮನೆಯವರು ಫೋನಿನ ಹಿಡಿಕೆ ಗಿರಗಿರ ತಿರುಗಿಸಿದರೆ ನಮ್ಮ ಬೋರ್ಡಿನಲ್ಲಿ ಅವರ ನಂಬರಿನ ಬಿಲ್ಲೆ ಟಪ್ಪೆಂದು ಬೀಳುತ್ತಿತ್ತು. ಒಂದು ಪ್ಲಗ್ಗನ್ನು ಅದರ ಕೆಳಗಿನ ತೂತಿಗೆ ಚುಚ್ಚಿ, ಕೀ ಒತ್ತಿ, "ನಂಬರ್ ಪ್ಲೀಸ್" ಎನ್ನಬೇಕು. ಜೋಡಿಯ ಇನ್ನೊಂದು ಪ್ಲಗ್ಗನ್ನು ಅವರು ಕೇಳಿದ ನಂಬರಿಗೆ ಚುಚ್ಚಿ ಗಂಟೆ ಹೊಡೆಯಬೇಕು. ಮಾತು ಶುರುವಾದ ಮೇಲೆ ಕೀ ಹಿಂದಕ್ಕೆ ತಂದು ನಾವು ಕಿವಿ ತೆಗೆಯಬೇಕು. ಬೇರೆ ಊರಿಗೆ ಮಾಡುವ ಟ್ರಂಕ್ ಕಾಲ್ ಆದರೆ ನಂಬರು, ಮಾತಾಡಿದ ಹೊತ್ತು ಎರಡನ್ನೂ ಒಂದು ಟಿಕೆಟ್ಟಿನಲ್ಲಿ ಬರೆದಿಡಬೇಕು. ಇಷ್ಟೇ ಕೆಲಸ. ಇಷ್ಟನ್ನು ದಿನಕ್ಕೆ ನೂರಾರು ಸಲ ಎರಡು ಬೆರಳ ತುದಿಯಲ್ಲಿ ಮಾಡಬೇಕು, ಅಷ್ಟೆ.

ನನಗೆ ಬಂದದ್ದು ಮುದುಕಿಯರಿಗೆ ಬರುವ ಮಂಡಿನೋವಲ್ಲ. ರುಮಟಾಯ್ಡ್ ಎಂಬ ಸಂಧಿವಾತ. ಮೈಯನ್ನು ಕಾಯಬೇಕಾದ ರಕ್ತವೇ ಮೈಯ ಕೀಲುಗಳ ಮೇಲೆ ಬೀಳುತ್ತದೆ ಎಂದು ನಮ್ಮ ಊರಿನ ಡಾಕ್ಟರು ಹೇಳಿದ್ದರು. ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಬೆಳಗ್ಗೆ ಎದ್ದು ಎರಡು ಗಂಟೆ ಹೊತ್ತು ಬೆರಳು ಮಡಚುತ್ತಿರಲಿಲ್ಲ. ಬಿಸಿನೀರಿನ ಚೊಂಬಿನಲ್ಲಿ ಕೈ ಅದ್ದಿಕೊಂಡು ಕೂರುವುದು, ಅಮ್ಮ ಜಡೆ ಹಾಕುವುದು, ಅಮ್ಮ ರವಿಕೆಯ ಹುಕ್ಕು ಹಾಕುವುದು. ಬಾಳಗಡಿಯ ಬಾಡಿಗೆ ಮನೆಯಲ್ಲಿ ಇದ್ದವರು ನಾವಿಬ್ಬರೇ. ನನ್ನ ಕೆಲಸ ಹೋದರೆ ಇಬ್ಬರೂ ಯಾರ ಮನೆಯ ಬಾಗಿಲಿಗೆ ಹೋಗಿ ನಿಲ್ಲಬೇಕೋ ಗೊತ್ತಿರಲಿಲ್ಲ. ಅದನ್ನು ಅಮ್ಮನೂ ಆಡುತ್ತಿರಲಿಲ್ಲ, ನಾನೂ ಆಡುತ್ತಿರಲಿಲ್ಲ.

ಮೊದಲು ಕೊಟ್ಟದ್ದು ಆಸ್ಪಿರಿನ್, ದಿನಕ್ಕೆ ಹನ್ನೆರಡು ಮಾತ್ರೆ. ನೋವು ಸ್ವಲ್ಪ ತಗ್ಗಿತು, ಕಿವಿಯೊಳಗೆ ಮಾತ್ರ ಇಡೀ ದಿನ ಗುಂಯ್ ಎನ್ನತೊಡಗಿತು. ಆಪರೇಟರಿಗೆ ಕಿವಿ ಗುಂಯ್‌ಗುಡುವುದು ಅಂದರೆ ಏನು ಹೇಳಲಿ! ಯಾರೂ ಕರೆಯದಿದ್ದರೂ "ನಂಬರ್ ಪ್ಲೀಸ್" ಎನ್ನುತ್ತಿದ್ದೆ. ಕರೆದವರಿಗೆ ಉತ್ತರವೇ ಇಲ್ಲ. ಸಾವಿನ ಸುದ್ದಿಯ ಲೈನು ಕಿತ್ತ ದಿನ ಸೂಪರ್‌ವೈಸರು ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿದರು.

"ನೋಡಮ್ಮ, ನಾನು ಇಷ್ಟು ದಿನ ಕಂಡೂ ಕಾಣದ ಹಾಗಿದ್ದೆ. ಅಂಗೈಯಲ್ಲಿ ಪ್ಲಗ್ ತಳ್ತೀಯ. ಟ್ರಂಕ್ ಟಿಕೆಟ್ ಬರೆಯೋದನ್ನ ಪಕ್ಕದವಳ ಕೈಲಿ ಬರೆಸ್ತೀಯ. ಇನ್ಸ್‌ಪೆಕ್ಷನ್ನಿಗೆ ಬಂದವರು ಒಂದು ಸಲ ನೋಡಿದ್ರೆ ಮೆಡಿಕಲ್ ಬೋರ್ಡು, ಆಮೇಲೆ ಅನ್‌ಫಿಟ್. ಎಂತ ಮಾಡ್ತೀಯ ಮಾರಾಯ್ತಿ?"

"ಔಷಧ ಮಾಡ್ತಾ ಇದೀನಿ ಸಾರ್. ಯಾರಿಗೂ ಹೇಳ್ಬೇಡಿ" ಎಂದೆ.

ಆಗುಂಬೆ ಘಾಟಿ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋದದ್ದು ಹಾಗೆ. ಅಲ್ಲಿನ ಕೀಲುರೋಗದ ದೊಡ್ಡ ಡಾಕ್ಟರು ನನ್ನ ಬೆರಳಿನ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ನಾನು ಒಂದೊಂದಕ್ಕೂ ಅಯ್ಯೋ ಎಂದೆ. "ಗೋಲ್ಡ್ ಕೊಡೋಣ" ಎಂದರು. ನಿಜವಾದ ಚಿನ್ನವೇ. ಚಿನ್ನದ ಉಪ್ಪನ್ನು ಕರಗಿಸಿದ ಇಂಜೆಕ್ಷನ್. ಮೊದಲು ಹತ್ತು ಮಿಲಿಗ್ರಾಮು, ಆಮೇಲೆ ಇಪ್ಪತ್ತೈದು, ಆಮೇಲೆ ವಾರಕ್ಕೊಮ್ಮೆ ಐವತ್ತು. ಫಲ ಕಾಣಲು ಮೂರು ತಿಂಗಳು ಹಿಡಿಯಬಹುದು, ಕಾಣದೆಯೂ ಇರಬಹುದು. ಕೆಲವರಿಗೆ ಕಿಡ್ನಿಗೆ ಪೆಟ್ಟು ಬೀಳುತ್ತದೆ, ಕೆಲವರಿಗೆ ರಕ್ತ ಹುಟ್ಟುವುದೇ ನಿಂತುಹೋಗುತ್ತದೆ. ಆದ್ದರಿಂದ ಪ್ರತಿ ಸಲವೂ ಪರೀಕ್ಷೆ ಮಾಡಿಯೇ ಚುಚ್ಚಬೇಕು. ಇಷ್ಟನ್ನೂ ಅವರು ಕನ್ನಡದಲ್ಲಿಯೇ ಹೇಳಿದರು. ನೋಡಬೇಕಾದ ಲಕ್ಷಣಗಳ ಪಟ್ಟಿಯನ್ನು ಮಾತ್ರ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಹಾಳೆಯಲ್ಲಿ ನಮ್ಮೂರಿನ ಡಾಕ್ಟರಿಗೆ ಕಳಿಸಿದರು.

ಅಮ್ಮ ಬಸ್ಸಿನಲ್ಲಿ, "ಕೈಗೆ ಹಾಕೋ ಚಿನ್ನ ಸೊಂಟಕ್ಕೆ ಚುಚ್ಚಿಸ್ಕೊಳ್ಳೋ ಕಾಲ ಬಂತಲ್ಲೇ" ಎಂದಳು. ಇಬ್ಬರೂ ನಕ್ಕೆವು. ರಕ್ತ ಹುಟ್ಟುವುದೇ ನಿಲ್ಲುತ್ತದೆ ಎಂಬ ಮಾತು ಮಾತ್ರ ಘಾಟಿ ಹತ್ತಿ ಮುಗಿಯುವ ತನಕ ನೆನಪಾಗುತ್ತಲೇ ಇತ್ತು.

ಬುಧವಾರ ಬುಧವಾರ ಇಂಜೆಕ್ಷನ್. ಕೊಪ್ಪದ ಪೇಟೆಯಲ್ಲಿ ನಮ್ಮ ಡಾಕ್ಟರದ್ದೊಂದು ಸಣ್ಣ ಕ್ಲಿನಿಕ್, ಅವರಿಗೊಬ್ಬರು ಸಿಸ್ಟರ್. ಡಾಕ್ಟರು ನನ್ನನ್ನು ನೋಡುತ್ತಿದ್ದದ್ದು ತಿಂಗಳಿಗೊಮ್ಮೆ. ಮಿಕ್ಕದ್ದೆಲ್ಲ ಸಿಸ್ಟರದ್ದೇ ಪಾರುಪತ್ಯ. ನಾನು ಸೀಸೆಯಲ್ಲಿ ಮೂತ್ರ ತೆಗೆದುಕೊಂಡು ಹೋಗುವುದು. ಅವರು ಅದನ್ನು ಗಾಜಿನ ಕೊಳವೆಗೆ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸುವುದು. ತಿಳಿಯಾಗಿಯೇ ಉಳಿದರೆ ಸರಿ, ಬೆಳ್ಳಗೆ ಒಡೆದರೆ ಕಿಡ್ನಿಯ ಕಥೆ ಮುಗಿಯಿತು. ಕೊಳವೆ ಕುದಿಯುವ ಆ ಒಂದು ನಿಮಿಷ ನಾನು ಗೋಡೆ ನೋಡುತ್ತಿದ್ದೆ. ಆಮೇಲೆ ಸಿಸ್ಟರ್ ದೊಡ್ಡ ಡಾಕ್ಟರು ಕಳಿಸಿದ ಆ ಲಕ್ಷಣಗಳ ಹಾಳೆ ತೆಗೆದು, ಮಗ್ಗಿ ಒಪ್ಪಿಸುವವರ ಹಾಗೆ ಒಂದೇ ಉಸಿರಿಗೆ ಕೇಳುತ್ತಿದ್ದರು.

"ತುರಿಕೆ? ದದ್ದು? ಅಲ್ಸರ್? ರಕ್ತ ಹೋಗೋದು?"

"ಇಲ್ಲ, ಇಲ್ಲ, ಇಲ್ಲ, ಇಲ್ಲ."

ನಾನು ಸುಳ್ಳು ಹೇಳುತ್ತಿರಲಿಲ್ಲ. ಅಲ್ಸರ್ ಅಂದರೆ ಹೊಟ್ಟೆಯದು, ಅದು ಯಾರಿಗೆ ಗೊತ್ತಿಲ್ಲ? ನಮ್ಮ ಸೂಪರ್‌ವೈಸರಿಗೆ ಇತ್ತಲ್ಲ. ಊಟ ಅರ್ಧ ಗಂಟೆ ತಡವಾದರೆ ಹೊಟ್ಟೆ ಹಿಡಿದುಕೊಂಡು ಮೇಜಿಗೆ ಒರಗುತ್ತಿದ್ದರು. ನನ್ನ ಹೊಟ್ಟೆ ಗಟ್ಟಿಯಾಗಿತ್ತು.

ಹತ್ತು ಬುಧವಾರ ಕಳೆದರೂ ಏನೂ ಆಗಲಿಲ್ಲ. ಸೊಂಟದ ಎರಡೂ ಕಡೆ ಗಂಟುಕಟ್ಟಿ ಮಗ್ಗುಲು ಬದಲಿಸಿ ಮಲಗಲಾಗದಂತಾದದ್ದೊಂದೇ ಲಾಭ. ಪ್ಲಗ್ ಜಾರುವುದು ನಿಲ್ಲಲಿಲ್ಲ. ಪ್ಲಗ್ಗಿನ ಹಿಡಿಗೆ ಬಟ್ಟೆಯ ಪಟ್ಟಿ ಸುತ್ತಿ ದಪ್ಪ ಮಾಡಿಕೊಂಡೆ, ಸಂಜೆ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದೆ. ಬೆಳಗ್ಗೆ ಎಚ್ಚರವಾದರೂ ಕಣ್ಣು ಬಿಡದೆ, ಹೊದಿಕೆಯೊಳಗೇ ಬೆರಳು ಮಡಚಿ ನೋಡುತ್ತಿದ್ದೆ. ಮಡಚುತ್ತಿರಲಿಲ್ಲ.

ಹನ್ನೊಂದನೆಯ ಇಂಜೆಕ್ಷನ್ ಆಗಿ ನಾಲ್ಕು ದಿನಕ್ಕೆ, ಒಂದು ಭಾನುವಾರ, ಬಚ್ಚಲಿನ ನಲ್ಲಿ ನಾನೇ ತಿರುಗಿಸಿದೆ. ತಿರುಗಿಸಿ, ನೀರು ಬಂದ ಮೇಲೆ, ತಿರುಗಿಸಿದ್ದು ನಾನೇ ಎಂದು ಹೊಳೆಯಿತು. ಮತ್ತೆ ನಿಲ್ಲಿಸಿದೆ, ಮತ್ತೆ ಬಿಟ್ಟೆ. ಅಮ್ಮ ಓಡಿ ಬಂದು, "ನೀರು ಯಾಕೆ ಹಾಳು ಮಾಡ್ತೀಯ?" ಎಂದು ಬೈದವಳು ನನ್ನ ಮುಖ ನೋಡಿ ಅಲ್ಲೇ ಕೂತುಬಿಟ್ಟಳು. ಮುಂದಿನ ವಾರ ಪ್ಲಗ್ಗಿನ ಪಟ್ಟಿ ಬಿಚ್ಚಿದೆ. ಅದರ ಮುಂದಿನ ವಾರ ಟ್ರಂಕ್ ಟಿಕೆಟ್ ನಾನೇ ಬರೆದೆ. ಸೂಪರ್‌ವೈಸರು ನನ್ನ ಬೆನ್ನ ಹಿಂದಿನಿಂದ ಬಗ್ಗಿ ಟಿಕೆಟ್ ಓದಿ ಹೋದರು.

ಅದೇ ದಿನಗಳಲ್ಲಿ ನಾಲಗೆಯ ತುದಿಯಲ್ಲಿ ಒಂದು ಗುಳ್ಳೆ ಎದ್ದಿತು. ನಾಲ್ಕು ದಿನಕ್ಕೆ ಕೆನ್ನೆಯ ಒಳಗೊಂದು, ತುಟಿಯ ಒಳಗೊಂದು. ನಡುವೆ ಬೆಳ್ಳಗೆ, ಸುತ್ತ ಕೆಂಪಗೆ. ಸಾರಿನ ಖಾರ ತಾಗಿದರೆ ಕಣ್ಣಲ್ಲಿ ನೀರು. ಬಾಯಿ ತುಂಬ ತುಕ್ಕು ನೆಕ್ಕಿದ ರುಚಿ.

ಅಮ್ಮ ಬಾಯಿ ತೆಗೆಸಿ ನೋಡಿ ಒಂದೇ ಮಾತಿಗೆ ತೀರ್ಮಾನ ಕೊಟ್ಟಳು. "ಉಷ್ಣ ಆಗಿದೆ ಕಣೇ. ಚಿನ್ನ ಅಂದ್ರೆ ಉಷ್ಣ ಅಲ್ದೆ ತಂಪಾ? ನಾಲ್ಕು ದಿನ ಒಂದೆಲಗದ ತಂಬುಳಿ ಉಣ್ಣು."

ಉಷ್ಣ ನಮಗೆ ರೋಗವಲ್ಲ. ನೆಗಡಿಯಷ್ಟೂ ಅಲ್ಲ. ಬಾಯಿ ಬೆಂದರೆ ಉಷ್ಣ, ಕಣ್ಣು ಉರಿದರೆ ಉಷ್ಣ, ಅದನ್ನು ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದವರನ್ನು ನಾನು ಕಂಡಿಲ್ಲ. ತಂಬುಳಿ ಉಂಡೆ, ಎಳನೀರು ಕುಡಿದೆ, ಅಮ್ಮ ಬೆರಳ ತುದಿಯಲ್ಲಿ ತುಪ್ಪ ಸವರಿದಳು. ಬುಧವಾರ ಸಿಸ್ಟರ್ "ಅಲ್ಸರ್?" ಎಂದಾಗ ಎಂದಿನಂತೆ "ಇಲ್ಲ" ಎಂದೆ. ಬಾಯಲ್ಲಿ ಮೂರು ಹುಣ್ಣು ಇಟ್ಟುಕೊಂಡು, ಇಲ್ಲ ಎಂದೆ. ನಾಲಗೆ ಹೊರಳದೆ ನನ್ನ ಮಾತು ತೊದಲತೊಡಗಿತ್ತು. ಪೇಟೆಯ ಬಟ್ಟೆ ಅಂಗಡಿಯ ಸಾಹೇಬರು ದಿನಾ ಬೆಳಗ್ಗೆ ಶೃಂಗೇರಿಗೆ ಕಾಲ್ ಹಾಕುವವರು, "ಎಂತದಮ್ಮ ಇದು, ಬಾಯಿ ತುಂಬ ಕವಳ ಹಾಕ್ಕೊಂಡು ನಂಬರ್ ಕೇಳ್ತೀರಿ? ನಮಗೂ ಒಂದು ಕಳ್ಸಿ!" ಎಂದು ಚೇಷ್ಟೆ ಮಾಡಿದರು. ನಾನೂ ನಕ್ಕೆ.

ಆದರೆ ಹದಿನೈದನೆಯ ಬುಧವಾರ ನಾನು ಹೇಳಿದ್ದು ಸುಳ್ಳು. ತಿಳಿದೇ ಹೇಳಿದ ಸುಳ್ಳು.

ಆ ವಾರ ಸೊಂಟದ ಸುತ್ತ, ಲಂಗದ ಲಾಡಿ ಕಟ್ಟುವ ಕಡೆ, ತುರಿಕೆ ಶುರುವಾಗಿತ್ತು. ಲಾಡಿ ಸಡಿಲ ಮಾಡಿದೆ, ಹೋಗಲಿಲ್ಲ. ಮರುದಿನ ಮೊಣಕೈ ಸಂದಿಗೂ ಬಂತು. ಹಾಳೆಯ ಮೊದಲ ಮಾತೇ ತುರಿಕೆ. ಹೌದು ಎಂದರೆ ಸಿಸ್ಟರ್ ಸೂಜಿ ಕೆಳಗಿಡುತ್ತಾರೆ. ಚಿನ್ನ ನಿಲ್ಲುತ್ತದೆ. ಬೆರಳು ಮತ್ತೆ ಊದುತ್ತದೆ. ಇನ್ಸ್‌ಪೆಕ್ಷನ್ನು ಮುಂದಿನ ತಿಂಗಳು.

"ತುರಿಕೆ?"

"ಇಲ್ಲ."

ಸಿಸ್ಟರ್ ನನ್ನನ್ನು ನಂಬಿದರು. ಅವರು ನಂಬಿದ್ದು ಕಂಡು ಇನ್ನಷ್ಟು ಹೆದರಿದೆ. ಹದಿನಾರನೆಯ ಬುಧವಾರವೂ ಅದೇ ಉತ್ತರ, ಅದೇ ಸೂಜಿ. ಅವತ್ತು ರಕ್ತವನ್ನೂ ತೆಗೆದರು. ತಿಂಗಳಿಗೊಮ್ಮೆ ತೆಗೆದು ಬಸ್ಸಿನಲ್ಲಿ ಶಿವಮೊಗ್ಗದ ಒಂದು ಲ್ಯಾಬಿಗೆ ಕಳಿಸುತ್ತಿದ್ದರು, ವರದಿ ಟಪಾಲಿನಲ್ಲಿ ಬರುತ್ತಿತ್ತು. ಆ ವಾರವೆಲ್ಲ ಬೆರಳು ಚುರುಕಾಗಿ ಓಡುತ್ತಿತ್ತು, ನಾನು ಮಾತ್ರ ಕಳ್ಳಿಯ ಹಾಗೆ ಬೋರ್ಡಿನ ಮುಂದೆ ಕೂತಿರುತ್ತಿದ್ದೆ.

ಮುಂದಿನ ಮಂಗಳವಾರ ಮಧ್ಯಾಹ್ನ ಕ್ಲಿನಿಕ್ಕಿನ ಬಿಲ್ಲೆ ಬಿತ್ತು.

"ಅರ್ಜೆಂಟ್ ಟ್ರಂಕ್" ಎಂದು ಡಾಕ್ಟರು ಕರಾವಳಿಯ ಆಸ್ಪತ್ರೆಯ ನಂಬರ್ ಕೊಟ್ಟರು. ನಾನು ನಂಬರನ್ನು ತಿರುಗಿ ಹೇಳಿದಾಗ, "ಯಾರಮ್ಮ, ಹೊಸಬರಾ? ಬೇಗ ಕೊಡಿಸಿ" ಎಂದರು. ಬಾಯಿ ಆ ಸ್ಥಿತಿಯಲ್ಲಿತ್ತು, ಅವರಿಗೆ ನನ್ನ ದನಿಯ ಗುರುತೇ ಸಿಗಲಿಲ್ಲ. ನಾನೂ ಹೇಳಲಿಲ್ಲ. ಟಿಕೆಟ್ ಬರೆದೆ, ಲೈನು ಕೇಳಿದೆ, ಇಪ್ಪತ್ತು ನಿಮಿಷಕ್ಕೆ ಸಿಕ್ಕಿತು. ಎರಡೂ ಕಡೆ ಜೋಡಿಸಿ ಕೀ ಹಿಂದಕ್ಕೆ ತಂದೆ. ಮಾತು ಕೇಳಬಾರದು ಎಂಬುದು ನಮ್ಮ ನಿಯಮ. ಕೇಳುವ ಧೈರ್ಯವೂ ನನಗಿರಲಿಲ್ಲ.

ಅರ್ಧ ನಿಮಿಷಕ್ಕೆ ಮತ್ತೆ ಕ್ಲಿನಿಕ್ಕಿನ ಬಿಲ್ಲೆ. "ಆಪರೇಟರ್, ಏನೂ ಕೇಳ್ತಾ ಇಲ್ಲ! ನೀವೇ ನಡುವೆ ನಿಂತು ರಿಪೀಟ್ ಮಾಡಿ."

ಲೈನು ಕೆಟ್ಟಿದ್ದರೆ ಹಾಗೆ ಮಾಡುವುದು ನಮ್ಮಲ್ಲಿ ವಾಡಿಕೆ. ಎರಡು ಊರಿನ ದನಿಯೂ ಬೋರ್ಡಿನವರೆಗೆ ಬರುತ್ತಿತ್ತು, ಅಲ್ಲಿಂದ ಆಚೆ ದಾಟುತ್ತಿರಲಿಲ್ಲ. ಆಗ ಆಪರೇಟರು ಈ ಕಡೆ ಕೇಳಿದ್ದನ್ನು ಆ ಕಡೆಗೆ, ಆ ಕಡೆಯದನ್ನು ಈ ಕಡೆಗೆ ಕೂಗಿ ಹೇಳಬೇಕು. ಮದುವೆ ಮಾತುಕತೆ, ಅಡಿಕೆ ಧಾರಣೆ, ಹೆರಿಗೆ, ಏನೆಲ್ಲ ಕೂಗಿದ್ದೆ ನಾನು.

"ಹೇಳಿ ಸಾರ್."

"ನೀವು ಕಳಿಸಿದ ಗೋಲ್ಡ್ ಪೇಶಂಟು. ಹದಿನಾರು ಇಂಜೆಕ್ಷನ್ ಆಯ್ತು. ಬಿಳಿ ರಕ್ತಕಣ ಎರಡು ಸಾವಿರದ ನಾನೂರಕ್ಕೆ ಇಳಿದಿದೆ."

ಕೊಪ್ಪದಲ್ಲಿ ಆ ಪೇಶಂಟು ನಾನೊಬ್ಬಳೇ. ಆದರೂ ಬಾಯಿ ಅಭ್ಯಾಸಬಲದಿಂದ ಕೂಗಿತು: "ಗೋಲ್ಡ್ ಪೇಶಂಟು. ಹದಿನಾರು ಇಂಜೆಕ್ಷನ್. ಬಿಳಿ ರಕ್ತಕಣ ಎರಡು ಸಾವಿರದ ನಾನೂರು."

ದೂರದಿಂದ ದೊಡ್ಡ ಡಾಕ್ಟರ ದನಿ, ಬಾವಿಯ ತಳದಿಂದ ಬಂದ ಹಾಗೆ: "ಹೋದ ತಿಂಗಳು ಎಷ್ಟಿತ್ತು?"

"ಹೋದ ತಿಂಗಳು ಎಷ್ಟು ಅಂತಾರೆ."

"ಆರು ಸಾವಿರ."

"ಆರು ಸಾವಿರ ಅಂತೆ."

"ಬಾಯಲ್ಲಿ ಅಲ್ಸರ್ ಇದೆಯಾ? ಮೌತ್ ಅಲ್ಸರ್?"

ಬಾಯಿ. ಅಲ್ಸರ್. ಎರಡು ಶಬ್ದ ಒಟ್ಟಿಗೆ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ನಾಲಗೆ ತಾನಾಗಿ ಹೋಗಿ ಕೆನ್ನೆಯ ಹುಣ್ಣನ್ನು ಮುಟ್ಟಿತು. ಅಯ್ಯೋ ದೇವರೇ, ಇದನ್ನೇ ಅಲ್ಲವೇ ಅವರು ಪ್ರತಿ ಬುಧವಾರ ಕೇಳುತ್ತಿದ್ದದ್ದು!

"ಹಲೋ, ಆಪರೇಟರ್, ಏನಂತೆ?" ಎಂದರು ನಮ್ಮ ಡಾಕ್ಟರು.

"ಬಾಯಲ್ಲಿ ಅಲ್ಸರ್ ಇದೆಯಾ ಅಂತಾರೆ."

"ಇಲ್ಲ. ಪ್ರತಿ ವಾರ ಕೇಳ್ತೇವೆ. ತುರಿಕೆನೂ ಇಲ್ಲ, ಬಾಯಿ ಹುಣ್ಣೂ ಇಲ್ಲ. ಹಾಗಾದ್ರೆ ನಾಳೆ ಅರ್ಧ ಡೋಸ್ ಕೊಟ್ಟು ನೋಡೋಣವಾ, ಕೇಳಿ. ಹುಡುಗಿಗೆ ಕೈ ಬಹಳ ಚೆನ್ನಾಗಿ ಬಂದಿದೆ."

ಈಗ ನಾನು ಕೂಗಬೇಕಾದದ್ದು ಅದನ್ನೇ. ಇಲ್ಲ ಅಂತೆ, ಅರ್ಧ ಡೋಸ್ ಕೊಡಬಹುದಾ ಅಂತೆ. ಕೇಳಿದ್ದನ್ನು ಕೇಳಿದ ಹಾಗೇ ದಾಟಿಸುವುದು ಆಪರೇಟರ ಧರ್ಮ. ಒಂದಕ್ಷರ ನನ್ನದು ಸೇರಿಸಬಾರದು. ಹಾಗೆ ಕೂಗಿದರೆ ನನ್ನ ಕೈ ಉಳಿಯುತ್ತದೆ. ಕೀಯ ಮೇಲೆ ನನ್ನ ಬೆರಳು ಇತ್ತು, ತೆಳ್ಳಗೆ, ನೆಟ್ಟಗೆ, ಒಂದು ಚೂರೂ ಊದಿರಲಿಲ್ಲ. ಅದನ್ನು ನೋಡುತ್ತ ಎಷ್ಟು ಹೊತ್ತು ಕೂತೆನೋ. ಎರಡೂ ಕಡೆಯಿಂದ ಹಲೋ ಹಲೋ ಬರುತ್ತಿತ್ತು. ಆ ಬೆರಳು ಹೆಣದ ಕೈಯಲ್ಲೂ ಹೀಗೇ ನೆಟ್ಟಗಿರುತ್ತದಲ್ಲ ಅನ್ನಿಸಿತು. ಅಮ್ಮ ಕಣ್ಣ ಮುಂದೆ ಬಂದಳು.

"ಇದೆ ಸಾರ್" ಎಂದು ಕೂಗಿದೆ. "ಬಾಯಲ್ಲಿ ಮೂರಿದೆ. ಮೂರು ವಾರ ಆಯ್ತು. ತುರಿಕೆನೂ ಇದೆ, ಸೊಂಟದಲ್ಲಿ, ಮೊಣಕೈಯಲ್ಲಿ."

"ಏನಮ್ಮ ಹೇಳ್ತೀಯ?" ಎಂದು ನಮ್ಮ ಡಾಕ್ಟರು ಅಬ್ಬರಿಸಿದರು. "ನಾನು ಇಲ್ಲ ಅಂದ್ರೆ ನೀನು ಇದೆ ಅಂತೀಯಾ? ನಿನಗೆಂತ ಗೊತ್ತು?"

"ಆ ಪೇಶಂಟು ನಾನೇ ಸಾರ್."

ಆಮೇಲೆ ದೂರದ ದನಿ, ನಿಧಾನವಾಗಿ, ನನ್ನೊಬ್ಬಳಿಗೇ ಹೇಳುವ ಹಾಗೆ: "ಜ್ವರ ಇದೆಯೇನಮ್ಮ?"

"ಇಲ್ಲ ಸಾರ್."

"ನಾಳೆ ಬೆಳಗಿನ ಬಸ್ಸಿಗೆ ಹೊರಟು ಬಾ. ಇಂಜೆಕ್ಷನ್ ಬೇಡ. ನಡುವೆ ಜ್ವರ ಬಂದ್ರೆ ಬಸ್ಸಿಗೆ ಕಾಯ್ಬೇಡ, ಕಾರು ಮಾಡ್ಕೊಂಡು ಬಾ. ಇದನ್ನು ನಿಮ್ಮ ಡಾಕ್ಟರಿಗೆ ಹೇಳು."

ನಾನು ಹೇಳಿದೆ. ಒಂದಕ್ಷರ ಬಿಡದೆ ಹೇಳಿದೆ. ಪ್ಲಗ್ ಕಿತ್ತು, ಟಿಕೆಟ್ಟಿನಲ್ಲಿ ಹೊತ್ತು ಬರೆದು, ಆಮೇಲೆ ಮೇಜಿಗೆ ತಲೆಯಿಟ್ಟು ಅತ್ತೆ.

ಆಸ್ಪತ್ರೆಯಲ್ಲಿ ಹದಿನೇಳು ದಿನ. ಮೂಲೆಯ ಹಾಸಿಗೆ, ಸುತ್ತ ಪರದೆ, ಬಿಳಿ ರಕ್ತಕಣ ಕಡಿಮೆಯಾದ ಮೈ ಸಣ್ಣ ಸೋಂಕನ್ನೂ ತಡೆಯದು, ಹಾಗಾಗಿ ಬಂದವರೆಲ್ಲ ಕೈ ತೊಳೆದು ಬರಬೇಕು. ದಿನಾ ಬೆಳಗ್ಗೆ ಬೆರಳು ಚುಚ್ಚಿ ರಕ್ತ. ಎರಡು ಸಾವಿರದ ನಾನೂರು ಇದ್ದದ್ದು ಸಾವಿರದ ಒಂಬೈನೂರಕ್ಕೆ ಇಳಿಯಿತು, ಅದರ ಮರುದಿನ ಸಾವಿರದ ಆರುನೂರಕ್ಕೆ. ನರ್ಸ್ ಅಂಕಿ ಹೇಳದೆ ಹೋದ ದಿನ ಇನ್ನೂ ಹೆದರಿಕೆ. ನಾಲ್ಕು ಗಂಟೆಗೊಮ್ಮೆ ಥರ್ಮಾಮೀಟರು. ಅದು ನಾಲಗೆಯ ಕೆಳಗಿರುವಷ್ಟು ಹೊತ್ತೂ ಅಮ್ಮ ನನ್ನ ಕಾಲು ಹಿಡಿದುಕೊಂಡು ಕೂರುತ್ತಿದ್ದಳು. ಒಂದು ಮಧ್ಯಾಹ್ನ ತಡೆಯಲಾರದೆ, "ಉಷ್ಣ ಉಷ್ಣ ಅಂತ ನಾನೇ ನಿನ್ನ ಕೊಂದುಬಿಡ್ತಿದ್ನಲ್ಲೇ" ಎಂದು ಬಿಕ್ಕಿದಳು.

"ನೀನು ತಂಬುಳಿ ಕೊಟ್ಟೆ, ಅಷ್ಟೆ. ಸುಳ್ಳು ಹೇಳಿದ್ದು ನಾನು" ಎಂದೆ. ತುರಿಕೆಯ ಕಥೆ ಅವಳಿಗೆ ಗೊತ್ತಾದದ್ದು ಆಗ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹನ್ನೊಂದನೆಯ ದಿನ ಅಂಕಿ ಮೇಲೇರಿತು. ಹದಿನೇಳನೆಯ ದಿನ ನಾಲ್ಕು ಸಾವಿರ ದಾಟಿತು. ಬಾಯಿಯ ಹುಣ್ಣು ಮಾಯ್ದಿತ್ತು. ಕೈಗಳು ಇನ್ನೂ ಚೆನ್ನಾಗಿದ್ದವು, ಅದೇ ವಿಚಿತ್ರ. ದೊಡ್ಡ ಡಾಕ್ಟರು ಮನೆಗೆ ಕಳಿಸುವಾಗ, "ಚಿನ್ನ ನಿನಗೆ ಇನ್ನು ಈ ಜನ್ಮದಲ್ಲಿ ಬೇಡ. ಬೇರೆ ಔಷಧ ನೋಡೋಣ, ಆದ್ರೆ ಭರವಸೆ ಕೊಡಲಾರೆ" ಎಂದರು.

"ಕೈ ಹೀಗೇ ಎಷ್ಟು ದಿನ ಇರತ್ತೆ ಸಾರ್?"

"ಒಳಗೆ ಇರೋ ಚಿನ್ನ ಖಾಲಿಯಾಗೋ ತನಕ. ಎರಡು ತಿಂಗಳು. ಹೆಚ್ಚಂದ್ರೆ ಮೂರು."

ಸೋಮವಾರ ಡ್ಯೂಟಿಗೆ ಹೋದೆ. ಬೋರ್ಡಿಗೆ ಕೂರುವ ಮೊದಲು ಸೂಪರ್‌ವೈಸರ ಮೇಜಿನ ಮುಂದೆ ನಿಂತು ಒಂದು ಹಾಳೆ ಕೇಳಿದೆ. ಸಂಧಿವಾತ ಇದೆ, ಬೋರ್ಡಿನ ಕೆಲಸ ಬಹಳ ದಿನ ಮಾಡಲಾರೆ, ನಂಬರು ವಿಚಾರಿಸುವವರಿಗೆ ಉತ್ತರ ಕೊಡುವ ಎನ್ಕ್ವೈರಿಗೋ, ಕಿವಿ ಬಾಯಿ ಸಾಕಾಗುವ ಬೇರೆ ಯಾವುದಾದರೂ ಜಾಗಕ್ಕೋ ಹಾಕಿ ಎಂದು ಮೇಲಿನವರಿಗೆ ಅರ್ಜಿ.

"ಹುಚ್ಚಾ ನಿನಗೆ?" ಎಂದರು ಅವರು, ದನಿ ತಗ್ಗಿಸಿ. "ಬರೆದುಕೊಟ್ರೆ ಮೆಡಿಕಲ್ ಬೋರ್ಡಿಗೆ ಕಳಿಸ್ತಾರೆ. ಜಾಗ ಕೊಟ್ರೂ ಕೊಟ್ರು, ಮನೆಗೆ ಕಳಿಸಿದ್ರೂ ಕಳಿಸಿದ್ರು. ಈಗ ಕೈ ಚೆನ್ನಾಗೇ ಇದೆಯಲ್ಲ, ಸುಮ್ಮನಿರು."

"ಸುಮ್ಮನಿದ್ದು ಏನಾಗ್ತಿತ್ತು ಅಂತ ಹದಿನೇಳು ದಿನ ನೋಡಿ ಬಂದೆ ಸಾರ್."

ಅವರ ಎದುರಿಗೇ ಕೂತು ಬರೆದೆ. ಮನೆಗೆ ಕಳಿಸಿದರೂ ಕಳಿಸಿದರು ಎಂಬ ಮಾತು ಕಿವಿಯಲ್ಲಿ ಇತ್ತು. ಅರ್ಧದಲ್ಲಿ ಎರಡು ಸಲ ಪೆನ್ನು ಕೆಳಗಿಟ್ಟೆ. ಕಡೆಗೆ ಸಹಿ ಹಾಕಿ ಅವರ ಕಡೆ ಸರಿಸಿದೆ. ಅವರು ಓದಿದರು, ಕನ್ನಡಕ ತೆಗೆದರು, ಮತ್ತೆ ಓದಿದರು.

"ಅಲ್ವೇ ಮಾರಾಯ್ತಿ, ಇಷ್ಟು ಮುದ್ದಾದ ಅಕ್ಷರದಲ್ಲಿ ಕೈ ಕೆಟ್ಟಿದೆ ಅಂತ ಬರೆದ್ರೆ ಮೇಲಿನವರು ನಂಬ್ತಾರಾ?"

"ಇಟ್ಟುಕೊಂಡಿರಿ ಸಾರ್" ಎಂದೆ. "ಮೂರು ತಿಂಗಳು ಬಿಟ್ಟು ನನ್ನ ಕೈಲೇ ಇನ್ನೊಂದು ಬರೆಸಿ, ಎರಡನ್ನೂ ಒಟ್ಟಿಗೆ ಕಳಿಸಿ."